ಭಾನುವಾರದ ತೆಂಗಿನಕಾಯಿ

ಕಡೂರಿನಲ್ಲಿ ತೆಂಗಿನಕಾಯಿ ಕೊಳ್ಳುವವರು ಮೊದಲು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಆಮೇಲೆ ಬೆರಳಿನಿಂದ ತಟ್ಟುತ್ತಾರೆ. ಕೊನೆಗೆ ಅಂಗಡಿಯವನ ಮುಖ ನೋಡುತ್ತಾರೆ. ಮೂರನೆಯದೇ ಮುಖ್ಯ. ಜರ್ಮನಿಯ ಸ್ಟಟ್‌ಗಾರ್ಟ್‌ಗೆ ಕೆಲಸಕ್ಕೆಂದು ಹೋದ ಹೊಸದರಲ್ಲಿ ಅಲ್ಲಿನ ಸೂಪರ್‌ಮಾರ್ಕೆಟ್ಟಿನಲ್ಲಿ ಮೊದಲೆರಡನ್ನೂ ಶ್ರದ್ಧೆಯಿಂದ ಮಾಡಿದೆ. ಮೂರನೆಯದಕ್ಕೆ ಅಂಗಡಿಯವನೇ ಇರಲಿಲ್ಲ. ಕಾಯಿಯನ್ನು ಕಿವಿಗೆ ಹಿಡಿದು ನಿಂತಿದ್ದ ನನ್ನನ್ನು ಒಬ್ಬ ಅಜ್ಜಿ, ಇವನಿಗೆ ಯಾರ ಕರೆ ಬಂದಿರಬಹುದು ಎಂಬಂತೆ ನೋಡಿದರು.

ಮರುದಿನ ಬೆಳಿಗ್ಗೆ ಇಡ್ಲಿ. ಮನೆಯಲ್ಲಿ ಮಚ್ಚಿಲ್ಲ, ಹೊಸ್ತಿಲೂ ಇಲ್ಲ. ಸುತ್ತಿಗೆ ತೆಗೆದುಕೊಂಡು ಬಾಲ್ಕನಿಯಲ್ಲಿ ಕೂತು ನಾಲ್ಕು ಏಟು ಹಾಕಿರಬಹುದು, ಕರೆಗಂಟೆ ಬಾರಿಸಿತು. ಕೆಳಗಿನ ಮನೆಯ ಹಿರಿಯರು. ನಗುತ್ತಲೇ, 'ಇವತ್ತು ಭಾನುವಾರ' ಅಂದರು. ವಾರ ಹೇಳಿಹೋಗಲು ಎರಡು ಮಹಡಿ ಹತ್ತಿ ಬಂದರಲ್ಲ, ಎಂಥ ಒಳ್ಳೆಯ ಜನ ಅಂದುಕೊಂಡು, 'ಹೌದು, ಇಡ್ಲಿ ಮಾಡಿದ್ದೀವಿ' ಅಂದೆ.

ಅವರು ನಿಂತಲ್ಲೇ ವಿವರಿಸಿದರು. ಭಾನುವಾರ ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಹುಲ್ಲು ಕತ್ತರಿಸುವ ಯಂತ್ರ ಓಡಿಸುವಂತಿಲ್ಲ. ಅಂಗಡಿಗಳು ಮುಚ್ಚಿರುತ್ತವೆ. ಅದು ಅವರೊಬ್ಬರ ಮಡಿ ಅಲ್ಲ. 1919ರ ವೈಮಾರ್ ಸಂವಿಧಾನದ 139ನೇ ವಿಧಿ ಭಾನುವಾರವನ್ನು ವಿಶ್ರಾಂತಿಯ ದಿನವೆಂದು ಕಾಪಾಡಿತ್ತು. 1949ರಲ್ಲಿ ಹೊಸ ಸಂವಿಧಾನ ಬಂದಾಗ ಅದನ್ನು ಹಾಗೆಯೇ ಒಳಗೆ ಸೇರಿಸಿಕೊಂಡರು. ಚಟ್ನಿಗೆ ಸಂವಿಧಾನ ಅಡ್ಡ ಬಂದದ್ದು ನಾನು ಕಂಡಂತೆ ಅದೇ ಮೊದಲು. ಅರ್ಧ ಬಿರಿದ ಕಾಯಿ ಸೋಮವಾರದವರೆಗೆ ಅಡುಗೆಮನೆಯಲ್ಲಿ ನನ್ನನ್ನೇ ನೋಡುತ್ತ ಕೂತಿತ್ತು.

ಆ ಸೀಮೆಯಲ್ಲಿ 'ಕೇರ್‌ವೋಖೆ' ಎಂಬುದೊಂದಿದೆ. ಮೆಟ್ಟಿಲು ಗುಡಿಸುವ ವಾರ. ನಿಮ್ಮ ಸರದಿ ಬಂದಾಗ ನಿಮ್ಮ ಬಾಗಿಲಿಗೆ ಒಂದು ಹಲಗೆ ತೂಗುತ್ತದೆ. ಗುಡಿಸಿ, ಒರೆಸಿ, ವಾರ ಮುಗಿದ ಮೇಲೆ ಅದನ್ನು ಪಕ್ಕದವರ ಬಾಗಿಲಿಗೆ ದಾಟಿಸಬೇಕು. ಕಡೂರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದೆ. ದಿನಾ ಕೋಳಿ ಕೂಗುವ ಹೊತ್ತಿಗೆ ಅಂಗಳ ಸಾರಿಸಿ ರಂಗೋಲಿ ಹಾಕುವ ಆಕೆಗೆ ಹಲಗೆಯ ವಿಚಾರ ತಲೆಗೆ ಹತ್ತಲಿಲ್ಲ. 'ಇಲ್ಲಿ ಒಂದಿನ ಪೊರಕೆ ಮುಟ್ಟಿದೋನಲ್ಲ, ಅಲ್ಲಿಗೆ ಹೋಗಿ ಗುಡಿಸ್ತಿದ್ದೀಯಾ?' ಅಂದಳು. ಸುದ್ದಿ ಅದೇ ಸಂಜೆ ತರೀಕೆರೆಯ ಅಕ್ಕನ ಮನೆ ತಲುಪಿತ್ತು.

ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ಹತ್ತು ನಿಮಿಷದಲ್ಲಿ ನಾಲ್ಕು ಜನ 'ಎಲ್ಲಿಗೆ ಹೊರಟಿದ್ದು?' ಅಂತಾರೆ. 'ಇಲ್ಲೇ' ಅಂದರೆ ಸಾಕು, ಎಲ್ಲರಿಗೂ ಸಮಾಧಾನ. ಹೀಗೇ ಒಮ್ಮೆ ಕೆಳಗಿನ ಮನೆಯ ಹಿರಿಯರನ್ನು ಕೇಳಿಬಿಟ್ಟೆ. ಅವರು ನಿಂತು ಯೋಚಿಸಿ, ಹೋಗುವ ಜಾಗ, ಹಿಡಿಯುವ ರೈಲು, ವಾಪಸು ಬರುವ ಗಂಟೆ ಎಲ್ಲ ಹೇಳಿದರು. ಪೊಲೀಸರಿಗೆ ಹೇಳಿಕೆ ಕೊಟ್ಟಂತಿತ್ತು. ನನಗೆ ಬೇಕಾಗಿದ್ದದ್ದು ಬರೀ ಒಂದು 'ಇಲ್ಲೇ'.

ಆದರೂ ಭಾನುವಾರ ಕಾಯಿ ಒಡೆಯಲು ಬಿಡದ ಅವರ ಮೇಲೆ ನನಗೆ ಮುನಿಸು ಬರಲಿಲ್ಲ. ಅದಕ್ಕೆ ಕಾರಣ ಅಜ್ಜಂಪುರದ ನನ್ನ ತಾಯಿಯ ತಂದೆ. ಅದು ಅಮೃತಮಹಲ್ ದನಗಳ ಊರು. ಮೈಸೂರು ಅರಸರ ಕಾಲದ ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆಗೆ ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟ. ಅವನ ಫಿರಂಗಿ ಎಳೆದ ಎತ್ತುಗಳ ತಳಿಯನ್ನು ಅಜ್ಜಂಪುರದ ಸರ್ಕಾರಿ ಕೇಂದ್ರ ಈಗಲೂ ಸಾಕುತ್ತಿದೆ. ಅಜ್ಜನ ಹಟ್ಟಿಯಲ್ಲೂ ಒಂದು ಜೊತೆ ಇತ್ತು. ಸೋಮವಾರ ಬಸವಣ್ಣನ ದಿನ, ನೊಗ ಹೂಡುವಂತಿಲ್ಲ. ಒಂದು ವರ್ಷ ಮಳೆ ಬಂದು ನೆಲ ಹದವಾಗಿದ್ದು ಸೋಮವಾರವೇ. ಆಕಾಶ ನೋಡಿದರೆ ಮರುದಿನ ಮತ್ತೆ ಸುರಿಯುವ ಹಾಗಿತ್ತು. 'ಹದ ತಪ್ಪುತ್ತೆ ಅಪ್ಪಾ' ಎಂದು ಮಾವ ಅಂಗಲಾಚಿದರು. ಜಗಲಿಯ ಮೇಲೆ ಎಲೆಗೆ ಸುಣ್ಣ ಸವರುತ್ತ ಕೂತಿದ್ದ ಅಜ್ಜ ತಲೆಯೆತ್ತದೆ ಹೇಳಿದ್ದು ಎರಡೇ ಮಾತು: 'ಇವತ್ತು ಸೋಮವಾರ.'

ಅಜ್ಜ ಈಗಿಲ್ಲ, ಎತ್ತುಗಳೂ ಇಲ್ಲ. ಮಾವ ಬಾಡಿಗೆ ಟ್ರ್ಯಾಕ್ಟರ್ ಕರೆಸುತ್ತಾರೆ. ಅದಕ್ಕೆ ಬಿಡುವಿರುವುದು ಹೆಚ್ಚಾಗಿ ಸೋಮವಾರವೇ.