ಎಡದಿಂದ ಏಳನೇ ಮರ

(ಜಯನಗರದ ಸಭಾಂಗಣವೊಂದರಲ್ಲಿ ಶಾಲಾ ವಾರ್ಷಿಕೋತ್ಸವ ಮುಗಿದಿದೆ. ಬನಶಂಕರಿಗೆ ಆಟೋ ಸಿಗದೆ ಮಾವ, ಸೊಸೆ ನಿಂತಿದ್ದಾರೆ.)

ಸೊಸೆ: ಹೇಗಿತ್ತು ಮಾವ, ಪುಟ್ಟನ ನಾಟಕ?

ಮಾವ: ಪುಟ್ಟ ಎಲ್ಲಿದ್ದನಮ್ಮಾ?

ಸೊಸೆ: ಎಡದಿಂದ ಏಳನೇ ಮರ. ಎಲ್ಲ ಮಕ್ಕಳಿಗೂ ಅವಕಾಶ ಕೊಡ್ಬೇಕಲ್ಲ, ಅದಕ್ಕೇ 22 ಮರ.

ಮಾವ: ಒಳ್ಳೇದೇ. ಬೆಂಗಳೂರಲ್ಲಿ ಇಷ್ಟು ಮರ ಒಟ್ಟಿಗೆ ನೋಡಿ ಎಷ್ಟು ಕಾಲವಾಗಿತ್ತು! ಆದರೆ ದಶರಥ ಬಾಯಿ ಮುಚ್ಚಿದ ಮೇಲೂ ಮಾತು ಬರ್ತಾನೇ ಇತ್ತಲ್ಲ?

ಸೊಸೆ: ರೆಕಾರ್ಡಿಂಗ್ ಮಾವ. ಮಕ್ಕಳು ತಪ್ಪಬಾರದಲ್ಲ.

ಮಾವ: ಕರೆಂಟ್ ಹೋದಾಗ ನೋಡಿದೆಯಾ? ಆ ಮಂಥರೆ ಹುಡುಗಿ ಸ್ವಂತ ಗಂಟಲಲ್ಲೇ ಶುರುಮಾಡಿದಳು. ಕೈಕೇಯಿ ತಬ್ಬಿಬ್ಬಾದಾಗ ಅವಳ ಮಾತನ್ನೂ ಕಿವಿಯಲ್ಲಿ ಹೇಳಿಕೊಟ್ಟಳು. ಮಂಥರೆಯ ಕೆಲಸವೇ ಅದಲ್ವೇ! ಆ ಎರಡು ನಿಮಿಷ ಮೊಬೈಲು ಹಿಡಿದವರೂ ಕೈ ಇಳಿಸಿ ನೋಡಿದರು.

ಸೊಸೆ: ಅದನ್ನ ವಿಡಿಯೋದಿಂದ ತೆಗೆದುಹಾಕ್ತಾರಂತೆ.

ಮಾವ: ಮುಖ್ಯ ಅತಿಥಿಗಳ ಭಾಷಣ?

ಸೊಸೆ: ಅದು ಪೂರ್ತಿ ಇರುತ್ತೆ.

ಮಾವ: ಬಂದದ್ದೇ ಒಂದು ಗಂಟೆ ತಡ! ಜೆ.ಪಿ. ನಗರದಲ್ಲಿ ಅರುಂಧತಿ ನಾಗ್ 2004ರಲ್ಲಿ ಶುರುಮಾಡಿದ ರಂಗಶಂಕರ ಇದೆಯಲ್ಲ, ಅಲ್ಲಿ ತಡವಾಗಿ ಬಂದವರಿಗೆ ಬಾಗಿಲೇ ತೆಗೆಯಲ್ಲ.

ಸೊಸೆ: ಹಾಗೆ ಮಾಡಿದ್ರೆ ಅರ್ಧ ಅಯೋಧ್ಯೆ ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲೇ ಉಳೀತಿತ್ತು. ಅಂದಹಾಗೆ, ಮುಂದಿನ ವರ್ಷ ಪುಟ್ಟನಿಗೆ ಬಡ್ತಿ ಅಂದ್ರು ಮಿಸ್ಸು.

ಮಾವ: ರಾಮನೇ?

ಸೊಸೆ: ಅಲ್ಲ, ಅಲ್ಲಾಡೋ ಮರ. ಡ್ರೆಸ್ ಬಾಡಿಗೆ ಬೇರೆ.