ಕಟ್ಟೆ ಕ್ರಿಕೆಟ್ ಮೀಮಾಂಸೆ ಅಥವಾ ಪರರ ಟೆಕ್ನಿಕ್ ತಿದ್ದುವ ಶಾಸ್ತ್ರ

ಪ್ರಥಮ ಪ್ರಕರಣ: ಅಧಿಕಾರಿ ವಿಚಾರ

ಸೂತ್ರ 1: ಆಡುವವನು ಅರಿಯ, ನೋಡುವವನು ಬಲ್ಲ.

ವೃತ್ತಿ: ಬ್ಯಾಟಿಂಗ್, ಬೌಲಿಂಗ್ ತಿದ್ದಲು ಯಾರು ಅಧಿಕಾರಿ ಎಂಬುದು ಮೊದಲ ಪ್ರಶ್ನೆ. ಪ್ಯಾಡ್ ಕಟ್ಟಿ ನಿಂತವನಂತೂ ಅಲ್ಲ, ಅವನಿಗೆ ಪುರಸೊತ್ತಿಲ್ಲ. ಗಂಟೆಗೆ 140 ಕಿ.ಮೀ. ವೇಗದಲ್ಲಿ ಬಿಟ್ಟ ಚೆಂಡು ಸುಮಾರು ಅರ್ಧ ಸೆಕೆಂಡಿನಲ್ಲಿ ಅವನನ್ನು ಮುಟ್ಟುತ್ತದೆ. ಅಷ್ಟರೊಳಗೆ ಶಾಸ್ತ್ರವಿಚಾರ ನಡೆಯುವುದುಂಟೆ? ಸೋಫಾದಲ್ಲಿ ಕುಳಿತವನಿಗಾದರೋ ಮುಂದಿನ ಓವರಿನವರೆಗೆ, ಮುಂದಿನ ಸರಣಿಯವರೆಗೆ, ಆಯುಷ್ಯ ಗಟ್ಟಿಯಿದ್ದರೆ ಮೊಮ್ಮಕ್ಕಳು ಎದ್ದು ಹೋಗುವವರೆಗೆ ಸಮಯವಿದೆ. ಆದ್ದರಿಂದ ಚೆಂಡಿನಿಂದ ದೂರವಿದ್ದಷ್ಟೂ ಜ್ಞಾನ ಹೆಚ್ಚು ಎಂದು ಸಿದ್ಧವಾಯಿತು. ಬ್ಯಾಟನ್ನು ಯಾವ ತುದಿಯಲ್ಲಿ ಹಿಡಿಯಬೇಕೆಂದು ಪಂಡಿತನಿಗೆ ತಿಳಿದಿರುವುದು ಅಪೇಕ್ಷಣೀಯ, ಕಡ್ಡಾಯವಲ್ಲ.

ದ್ವಿತೀಯ ಪ್ರಕರಣ: ಪ್ರಮಾಣ ವಿಚಾರ

ಸೂತ್ರ 2: ಔಟಾದ ಮೇಲೆಯೇ ದೋಷದರ್ಶನ.

ವೃತ್ತಿ: ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂಬ ನಾಲ್ಕೇ ಪ್ರಮಾಣಗಳಲ್ಲಿ ತೃಪ್ತರಾದರು. ಅವರ ಮನೆಯಲ್ಲಿ ಟಿ.ವಿ. ಇರಲಿಲ್ಲ. ಐದನೆಯದೂ ಪರಮವೂ ಆದ ಪ್ರಮಾಣ ರಿಪ್ಲೇ. ಇದರ ಮಹಿಮೆ ನೋಡಿ: ಒಬ್ಬ ಬ್ಯಾಟ್ಸ್‌ಮನ್ ಕಾಲನ್ನು ಇದ್ದಲ್ಲೇ ಊರಿ ಕವರ್ ಡ್ರೈವ್ ಹೊಡೆದ. ಚೆಂಡು ಬೌಂಡರಿಗೆ ಹೋದರೆ 'ಆಹಾ, ಏನ್ ಟೈಮಿಂಗ್ ರೀ!' ಸ್ಲಿಪ್‌ನಲ್ಲಿ ಕ್ಯಾಚಾದರೆ 'ಕಾಲೇ ಮುಂದೆ ಬರಲಿಲ್ಲವಲ್ಲ, ನಾನು ಆಗಲೇ ಹೇಳಿದ್ದೆ.' ಕಾಲು ಎರಡು ಸಲವೂ ಅಲ್ಲೇ ಇತ್ತಲ್ಲ ಎಂಬ ಆಕ್ಷೇಪವನ್ನು ಮನೆಯಾಕೆ ಎತ್ತುವುದುಂಟು. ಆಕೆಗೆ ಕಾಫಿ ತರಲು ಹೇಳಿ ಪೂರ್ವಪಕ್ಷವನ್ನು ಅಲ್ಲಿಗೇ ಖಂಡಿಸತಕ್ಕದ್ದು.

ತೃತೀಯ ಪ್ರಕರಣ: ಬ್ಯಾಟಿಂಗ್

ಸೂತ್ರ 3: ಮೊಣಕೈ ಮೇಲೆ, ತಲೆ ಸ್ಥಿರ, ಬ್ಯಾಟು ನೇರ.

ವೃತ್ತಿ: ಬ್ಯಾಟಿಂಗ್ ಸುಧಾರಣೆಯ ಆದಿಪುರುಷರಲ್ಲಿ ಇಂಗ್ಲೆಂಡಿನ ಥಾಮಸ್ ವೈಟ್ ಗಣ್ಯ. 1771ರಲ್ಲಿ ಆತ ವಿಕೆಟ್ಟಿನಷ್ಟೇ ಅಗಲದ ಬ್ಯಾಟು ಹಿಡಿದು ಹ್ಯಾಂಬಲ್ಡನ್ ತಂಡದೆದುರು ಬಂದು ನಿಂತ. ಮೊಣಕೈ, ತಲೆ, ಕಾಲುಗಳ ಸಮಸ್ಯೆಯನ್ನೆಲ್ಲ ಬಡಗಿಯಿಂದಲೇ ಪರಿಹರಿಸಿಕೊಂಡ ಆ ಮಹನೀಯನನ್ನು ಎದುರಾಳಿಗಳು ಸಹಿಸದೆ ಅಗಲಕ್ಕೆ ಮಿತಿ ಹಾಕಿದರು. ಇಂದಿಗೂ ಬ್ಯಾಟು 10.8 ಸೆಂ.ಮೀ. ಮೀರುವಂತಿಲ್ಲ. ಉಳಿದ ಅಗಲವನ್ನು ಉಪದೇಶದಿಂದ ತುಂಬಿಕೊಡುವ ಹೊಣೆ ಅಂದಿನಿಂದ ನಮ್ಮ ಮೇಲೆ ಬಿದ್ದಿದೆ.

ಡಾನ್ ಬ್ರಾಡ್‌ಮನ್ ಬೌರಲ್ ಊರಿನ ಮನೆಯಲ್ಲಿ ನೀರಿನ ಟ್ಯಾಂಕಿನ ಕಟ್ಟೆಗೆ ಗಾಲ್ಫ್ ಚೆಂಡು ಹೊಡೆದು, ಪುಟಿದು ಬಂದದ್ದನ್ನು ಸ್ಟಂಪಿನಿಂದ ಆಡುತ್ತ ಬೆಳೆದವರು. ತಿದ್ದುವವರಿಲ್ಲದ ಕಾರಣ ಬ್ಯಾಟನ್ನು ನೇರ ಹಿಂದಕ್ಕೆ ಎತ್ತದೆ ಸ್ಲಿಪ್ ಕಡೆಗೆ ಎತ್ತುವ ಅಭ್ಯಾಸ ಅಂಟಿತು. ಪರಿಣಾಮ ಘೋರ: ಟೆಸ್ಟ್ ಸರಾಸರಿ 99.94ಕ್ಕೇ ನಿಂತಿತು. 1948ರಲ್ಲಿ ಓವಲ್‌ನ ಕೊನೆಯ ಇನಿಂಗ್ಸ್‌ನಲ್ಲಿ ಸರಾಸರಿ ನೂರು ಮುಟ್ಟಲು ನಾಲ್ಕೇ ನಾಲ್ಕು ರನ್ ಬೇಕಿದ್ದಾಗ ಸೊನ್ನೆ. ಬ್ಯಾಟು ನೇರ ಎತ್ತಿದ್ದರೆ ಆ ನಾಲ್ಕೂ ಬರುತ್ತಿದ್ದವೆಂಬುದು ಶಾಸ್ತ್ರದ ಖಚಿತ ನಿಲುವು.

ಭದ್ರಾವತಿಯ ಜಿ. ಆರ್. ವಿಶ್ವನಾಥ್ 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದೆದುರು ತಮ್ಮ ಮೊದಲ ಟೆಸ್ಟ್ ಆಡಿದರು. ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ನಡುವೆ ಅವರ ಟೆಕ್ನಿಕ್ ತಿದ್ದಿದವರು ಯಾರು? ರೇಡಿಯೋ ಮುಂದೆ ಕೂತ ನಮ್ಮ ಹಿರಿಯರು! ಬೇರೆ ಕಾರಣ ಯಾವ ಕಟ್ಟೆಯಲ್ಲೂ ಕೇಳಿಬಂದಿಲ್ಲ.

ಚತುರ್ಥ ಪ್ರಕರಣ: ಬೌಲಿಂಗ್

ಸೂತ್ರ 4: ಲೈನು, ಲೆಂಗ್ತು; ಮಿಕ್ಕದ್ದು ಅಹಂಕಾರ.

ವೃತ್ತಿ: ಚೆಂಡು ಬಿಡುವಾಗ ಮೊಣಕೈ 15 ಡಿಗ್ರಿಗಿಂತ ಹೆಚ್ಚು ನೆಟ್ಟಗಾಗಬಾರದೆಂದು ಐಸಿಸಿ ವಿಧಿ. ಇದನ್ನು ಅಳೆಯಲು ಅವರಿಗೆ ಪ್ರಯೋಗಾಲಯ ಬೇಕು, ಹಲವು ಕ್ಯಾಮೆರಾ ಬೇಕು. ನಮ್ಮ ಪಂಡಿತನಿಗೆ ಗ್ಯಾಲರಿಯ ಮೇಲ್ಸಾಲು ಮತ್ತು ಒಂದು ಪೊಟ್ಟಣ ಕಡಲೆಕಾಯಿ ಸಾಕು.

ಪೂರ್ವಪಕ್ಷ: ಲೆಗ್ ಸ್ಪಿನ್ನರ್ ಚೆಂಡನ್ನು ನಿಧಾನವಾಗಿ ಗಾಳಿಯಲ್ಲಿ ತೇಲಿಸಬೇಕೆಂದು ಶಾಸ್ತ್ರ ಹೇಳುತ್ತದೆ. ಬಾಲ್ಯದ ಪೋಲಿಯೋದಿಂದ ಬಲಗೈ ಸೊರಗಿದ್ದ ಮೈಸೂರಿನ ಬಿ. ಎಸ್. ಚಂದ್ರಶೇಖರ್ ಅದೇ ಕೈಯಿಂದ ಸರಸರನೆ ಗೂಗ್ಲಿ ಬಿಟ್ಟು, 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು, ಇಂಗ್ಲೆಂಡಿನಲ್ಲಿ ಭಾರತಕ್ಕೆ ಮೊದಲ ಸರಣಿ ಗೆದ್ದುಕೊಟ್ಟರಲ್ಲ? ಅನಿಲ್ ಕುಂಬ್ಳೆಯವರ ಚೆಂಡು ತಿರುಗುವುದೇ ಇಲ್ಲವೆಂದು ನೀವೇ ಗೊಣಗುತ್ತಿರುವಾಗ 619 ಟೆಸ್ಟ್ ವಿಕೆಟ್ ಆಗಿಹೋದವಲ್ಲ? 1999ರಲ್ಲಿ ದೆಹಲಿಯ ಕೋಟ್ಲಾದಲ್ಲಿ ಪಾಕಿಸ್ತಾನದ ಹತ್ತೂ ಜನ ಅವರ ತಿರುಗದ ಚೆಂಡಿಗೇ ಔಟಾದರಲ್ಲ?

ಸಿದ್ಧಾಂತ: ಋಷಿಗಳು ವ್ಯಾಕರಣ ತಪ್ಪಿದರೆ ವೈಯಾಕರಣರು ಅದನ್ನು ಆರ್ಷಪ್ರಯೋಗವೆಂದು ಕರೆದು ಮುಂದೆ ಸಾಗುತ್ತಾರೆ. ಇಲ್ಲೂ ಹಾಗೆಯೇ. ವಿಕೆಟ್ ಬಿದ್ದರೆ ಆರ್ಷಪ್ರಯೋಗ, ಬೀಳದಿದ್ದರೆ ಟೆಕ್ನಿಕ್ ದೋಷ. ಇನ್ನು ಚಂದ್ರ ಅವರ ಬ್ಯಾಟಿಂಗಿಗೆ ಬಂದರೆ, 58 ಟೆಸ್ಟುಗಳಲ್ಲಿ ವಿಕೆಟ್ 242, ರನ್ 167. ತಿದ್ದಲು ಇಷ್ಟು ವಿಸ್ತಾರವಾದ ಕ್ಷೇತ್ರವನ್ನು ಅವರು ಬಿಟ್ಟುಕೊಟ್ಟದ್ದಕ್ಕೆ ಶಾಸ್ತ್ರಕಾರರು ಎಂದೆಂದಿಗೂ ಋಣಿಗಳು.

ಫಲಶ್ರುತಿ

ಈ ಗ್ರಂಥವನ್ನು ಪಂದ್ಯದ ದಿನ ಪಠಿಸಿದವನಿಗೆ ಮೊಣಕೈ ಏಳದಿದ್ದರೂ ದನಿ ಏಳುತ್ತದೆ. ನೆಟ್ಸ್‌ಗೆ ಹೊರಟ ಹುಡುಗನನ್ನು ಅವನು ಗೇಟಿನಲ್ಲೇ ತಡೆದು ಮುಕ್ಕಾಲು ಗಂಟೆ ಗ್ರಿಪ್ ಬಗ್ಗೆ ಬೋಧಿಸಬಲ್ಲ. ಅಷ್ಟರಲ್ಲಿ ನೆಟ್ಸ್ ಮುಗಿದು ಹುಡುಗನಿಗೆ ಬ್ಯಾಟು ಮುಟ್ಟುವ ಅವಕಾಶವೇ ತಪ್ಪಿದರೆ, ಆ ದಿನ ಅವನ ಟೆಕ್ನಿಕ್‌ನಲ್ಲಿ ಯಾವ ದೋಷವನ್ನೂ ಯಾರೂ ಎತ್ತಿ ತೋರಿಸಲಾರರು. ಸುಧಾರಣೆಯೆಂದರೆ ಇದೇ.