ಧನುರ್ಮಾಸದ ಕಷಾಯ

ಬೆಂಗಳೂರಿನ ಚಳಿ ಎಂದರೆ ದೆಹಲಿಯವರು ನಗುತ್ತಾರೆ. ನಗಲಿ ಬಿಡಿ. ಹದಿನಾರು ಡಿಗ್ರಿಗೆ ಮಂಕಿ ಕ್ಯಾಪು, ಸ್ವೆಟರು, ಮೇಲೊಂದು ಶಾಲು ಹೊದ್ದು ಹಾಲಿನ ಬೂತಿಗೆ ಹೊರಡುವ ನಮ್ಮ ಗಾಂಭೀರ್ಯ ಅವರಿಗೆಲ್ಲಿಂದ ಬರಬೇಕು? ಈ ಊರಿನ ದಾಖಲೆಯಲ್ಲಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ. ಅದೂ 1884ರ ಜನವರಿ 13ರಂದು. ಅಂದು ನಡುಗಿದವರಾರೂ ಈಗಿಲ್ಲ. ಆದರೂ ಆ ಒಂದು ದಿನದ ಹೆಸರು ಹೇಳಿಕೊಂಡು ನಾವು ಇವತ್ತಿಗೂ ಉಣ್ಣೆ ಕೊಳ್ಳುತ್ತಿದ್ದೇವೆ. ನನ್ನನ್ನು ಕೇಳಿದರೆ ಇಲ್ಲಿ ಚಳಿಗಾಲ ಬರುವುದು ಅವರೆಕಾಯಿಯ ಬೆನ್ನೇರಿ. ಸೊಗಡಿನ ಅವರೆ ತಳ್ಳುಗಾಡಿಗೆ ಬಂದು, ಮನೆಮಂದಿಯೆಲ್ಲ ಟಿವಿ ಮುಂದೆ ಕೂತು ನೆನೆಸಿದ ಕಾಳನ್ನು ಪುಸಕ್ ಪುಸಕ್ ಎಂದು ಹಿದುಕತೊಡಗಿದರೆ ಚಳಿಗಾಲ. ಹಿದುಕುವ ಕೈ ನಿಂತರೆ ಬೇಸಗೆ.

ಈ ಸಲ ಅವರೆಕಾಯಿಯ ಜೊತೆಗೇ ನನ್ನ ಅಕ್ಕನ ಮಗನೂ ಬಂದಿಳಿದ. ಗ್ಲಾಸ್ಗೋದಲ್ಲಿ ಕೆಲಸ. ಅಲ್ಲಿ ಡಿಸೆಂಬರಿನಲ್ಲಿ ಮಧ್ಯಾಹ್ನ ನಾಲ್ಕಕ್ಕೆಲ್ಲ ಸೂರ್ಯ ಅಂಗಡಿ ಮುಚ್ಚಿಕೊಂಡು ಹೋಗುತ್ತಾನೆ. ಅಂಥ ಊರಿನಿಂದ ಬಂದವನು ನಮ್ಮ ಬಾಲ್ಕನಿಯಲ್ಲಿ ಬನಿಯನ್ನಿನಲ್ಲೇ ನಿಂತು ಪೇಪರ್ ಓದುತ್ತಿದ್ದ. ನಾನು ಒಳಗೆ ಕಿವಿಗೆ ಹತ್ತಿ ಇಟ್ಟುಕೊಂಡು ಸೋಫಾದ ಮೂಲೆಯಲ್ಲಿ ಮುದುಡಿದ್ದೆ.

"ಮಾಮ, ಇಷ್ಟು ಚಳಿ ಚಳಿ ಅಂತೀರಲ್ಲ, ಒಂದು ಹಾಟ್ ಟಾಡಿ ಮಾಡ್ಕೊಡ್ಲಾ?" ಅಂದ.

ನಾನು ಹತ್ತಿ ತೆಗೆದೆ.

ಹಾಟ್ ಟಾಡಿ ಎಂದರೆ ಸ್ಕಾಟ್‌ಲೆಂಡಿನವರೂ ಐರ್ಲೆಂಡಿನವರೂ ಚಳಿಗೆ, ನೆಗಡಿಗೆ, ನೆಗಡಿ ಬರಬಹುದೆಂಬ ಅನುಮಾನಕ್ಕೆ, ಕೊನೆಗೆ ಸುಮ್ಮನೆ ಬೇಜಾರಿಗೂ ಕುಡಿಯುವ ಬಿಸಿ ಪಾನೀಯ. ವಿಸ್ಕಿ, ಬಿಸಿನೀರು, ಜೇನುತುಪ್ಪ, ನಿಂಬೆರಸ, ಚಕ್ಕೆ, ಲವಂಗ. ಅವನು ಇದನ್ನು ಒಂದೊಂದಾಗಿ, ಗುರುಗಳಿಂದ ಉಪದೇಶವಾದ ಮಂತ್ರದ ಹಾಗೆ ಒಪ್ಪಿಸಿದ. ನಾನು ಲೆಕ್ಕ ಹಾಕಿದೆ. ಜೇನಿನ ಜಾಗಕ್ಕೆ ಬೆಲ್ಲ ಹಾಕಿ, ಏಲಕ್ಕಿ ಮೆಣಸು ಕುಟ್ಟಿ ಸೇರಿಸಿ, ವಿಸ್ಕಿಯನ್ನು ಆಚೆ ಕಳಿಸಿದರೆ ಉಳಿಯುವುದೇನು? ರಾಮನವಮಿಯ ಪಾನಕ. ಕಾಯಿಸಿದ ಪಾನಕ, ಅಷ್ಟೆ. ಹಾಗೆಂದು ಹೇಳಿದ್ದಕ್ಕೆ ಅವನಿಗೆ ಒಂದಿಷ್ಟೂ ಬೇಸರವಾಗಲಿಲ್ಲ. "ಹಾಗಾದ್ರೆ ಅರ್ಧ ಕೆಲಸ ಅತ್ತೆಗೇ ಬರುತ್ತೆ" ಅಂದ.

ಅತ್ತೆ, ಅಂದರೆ ನನ್ನ ಹೆಂಡತಿ, ಆಗ ಹುಗ್ಗಿಗೆ ಮೆಣಸು ಕುಟ್ಟುತ್ತಿದ್ದಳು. ಧನುರ್ಮಾಸ ನಡೆಯುತ್ತಿತ್ತಲ್ಲ! ಬೆಳಗಿನ ಜಾವ ಎದ್ದು, ತಣ್ಣೀರು ಮುಟ್ಟಿ, ನಕ್ಷತ್ರ ಮರೆಯಾಗುವುದರೊಳಗೆ ಹುಗ್ಗಿ ನೈವೇದ್ಯ ಮಾಡುವ ತಿಂಗಳು. ಮನೆಯ ಪಾವಿತ್ರ್ಯ ಶಿಖರದಲ್ಲಿರುವ ಇಂಥ ಹೊತ್ತಿನಲ್ಲಿ ವಿಸ್ಕಿಯ ಮಾತು ಎತ್ತುವುದು ಹೇಗೆ? ನಮ್ಮದು ಮಡಿವಂತರ ಮನೆಯೇನಲ್ಲ. ವಿಸ್ಕಿ ನಿಷಿದ್ಧವೂ ಅಲ್ಲ. ಅದರ ಹೆಸರು ಎತ್ತುವುದು ನಿಷಿದ್ಧ, ಅಷ್ಟೆ.

ಬ್ರಾಂಡಿಯಾಗಿದ್ದರೆ ಈ ತಾಪತ್ರಯ ಇರುತ್ತಿರಲಿಲ್ಲ. ನಮ್ಮ ಕಡೆಯ ಮನೆಗಳಲ್ಲಿ ಬ್ರಾಂಡಿಗೆ ಹಿಂದಿನಿಂದಲೂ ವೈದ್ಯರ ಸರ್ಟಿಫಿಕೇಟ್ ಇದೆ. ಕಪಾಟಿನಲ್ಲಿ ನೋವಿನೆಣ್ಣೆಯ ಪಕ್ಕ, ವಿಭೂತಿ ಗಟ್ಟಿಯ ಹಿಂದೆ, ಒಂದು ಚಿಕ್ಕ ಬ್ರಾಂಡಿ ಬಾಟ್ಲಿ ಕೂತಿರುತ್ತಿತ್ತು. ನೆಗಡಿಗೆ ಒಂದು ಚಮಚ, ಬಾಣಂತಿಗೆ ಒಂದು ಚಮಚ, ಅದನ್ನು ಅಳೆದು ಕೊಟ್ಟ ತಾತನಿಗೆ ಎರಡು. ಅದನ್ನು ಕುಡಿದವನು ರೋಗಿ. ಅದೇ ಅಂಗಡಿಯಲ್ಲಿ, ಅದೇ ಕಟಕಟೆಯ ಹಿಂದೆ, ಅದೇ 42.8 ಶೇಕಡಾ ಎಂದು ಅಚ್ಚಾದ ವಿಸ್ಕಿ ಕುಡಿದವನು ಮಾತ್ರ ಕುಡುಕ. ನ್ಯಾಯ ಎಲ್ಲಿದೆ ಹೇಳಿ.

ಅಳಿಯ ಉಡುಗೊರೆಯಾಗಿ ಒಂದು ಬಾಟ್ಲಿ ತಂದಿದ್ದ. ಬಣ್ಣದ ಡಬ್ಬ, ಒಳಗೆ ಸಿಂಗಲ್ ಮಾಲ್ಟ್. ಕನ್ನಡಕ ಹಾಕಿಕೊಂಡು ಓದಿದರೆ ಅಮೃತ್! ಮೈಸೂರು ರಸ್ತೆಯಲ್ಲಿ ಕುಂಬಳಗೋಡಿನ ಹತ್ತಿರದ ಕಂಬೀಪುರದಲ್ಲಿ ತಯಾರಾಗುವ ಮಾಲು, ಗ್ಲಾಸ್ಗೋ ನೋಡಿಕೊಂಡು ಮರಳಿ ನಮ್ಮ ಮನೆಗೆ ಬಂದಿತ್ತು. ಆದರೆ ಅವನದು ತಪ್ಪೇನಿಲ್ಲ. ಆ ಕಂಪನಿ ಹುಟ್ಟಿದ್ದು 1948ರಲ್ಲಿ, ಈ ಊರಲ್ಲೇ. ಅದರ ಸಿಂಗಲ್ ಮಾಲ್ಟ್ ಮೊದಲು ಅಂಗಡಿ ಕಂಡದ್ದು ಗ್ಲಾಸ್ಗೋದಲ್ಲಿ, 2004ರಲ್ಲಿ. ವಿಸ್ಕಿಯ ತವರಿಗೇ ಹೋಗಿ ವಿಸ್ಕಿ ಮಾರುವ ಎದೆಗಾರಿಕೆ ಮಂಕಿ ಕ್ಯಾಪು ಹಾಕುವವರ ಊರಿನಿಂದ ಹೊರಟಿತ್ತೆಂದರೆ ನನಗೆ ಸ್ವಲ್ಪ ಹೆಮ್ಮೆ. ಮರದ ಪೀಪಾಯಿಯಲ್ಲಿಟ್ಟ ವಿಸ್ಕಿ ವರ್ಷವರ್ಷವೂ ಒಂದಿಷ್ಟು ಆವಿಯಾಗಿ ಹೋಗುತ್ತದಲ್ಲ, ಅದಕ್ಕೆ ಆ ಕಸುಬಿನವರು ದೇವತೆಗಳ ಪಾಲು ಅನ್ನುತ್ತಾರೆ. ಸ್ಕಾಟ್‌ಲೆಂಡಿನ ದೇವತೆಗಳು ವರ್ಷಕ್ಕೆ ಶೇಕಡಾ ಎರಡರಷ್ಟು ಸೇವಿಸಿ ಸುಮ್ಮನಾಗುತ್ತಾರೆ. ಬೆಂಗಳೂರಿನ ಸೆಕೆಗೆ ನಮ್ಮವರು ಹತ್ತು ಹನ್ನೆರಡರಷ್ಟು ಎತ್ತುತ್ತಾರೆ. ಅದಕ್ಕೇ ಇಲ್ಲಿ ವಿಸ್ಕಿಯನ್ನು ಹನ್ನೆರಡು ಹದಿನೆಂಟು ವರ್ಷ ಇಡುವುದು ಕಷ್ಟ, ಪೀಪಾಯಿ ತೆರೆದರೆ ಬರೀ ಮರ ಸಿಕ್ಕೀತು. ನಾಲ್ಕೈದು ವರ್ಷಕ್ಕೇ ಹದವಾಗಿಬಿಡುತ್ತದೆ. ದೇವತೆಗಳಿಗೆ ಧನುರ್ಮಾಸದಲ್ಲೂ ರಜೆಯಿಲ್ಲ ಎಂಬುದನ್ನು ನಾನು ಹೆಂಡತಿಗೆ ಹೇಳಿ ನೋಡಿದೆ. ಅವಳು ಒನಕೆಯ ಚಿಕ್ಕ ತಂಗಿಯಂತಿದ್ದ ಕುಟ್ಟಾಣಿಯ ಗುಂಡನ್ನು ಕೈಯಲ್ಲಿ ಹಿಡಿದೇ ಕೇಳಿಸಿಕೊಂಡಳು.

ಅಂಥ ಬಾಟ್ಲಿಯನ್ನು ಬೆಲ್ಲದ ನೀರಿಗೆ ಸುರಿಯಲು ನನಗೇ ಮನಸ್ಸು ಬರಲಿಲ್ಲ. ಟಾಡಿಗೆ ಸಾದಾ ವಿಸ್ಕಿಯೇ ಸಾಕು ಎಂದು ಅಳಿಯನೂ ತೀರ್ಪು ಕೊಟ್ಟ. ಮಸಾಲೆಯ ನಡುವೆ ಮಾಲ್ಟಿನ ಸೂಕ್ಷ್ಮವೆಲ್ಲ ಯಾರಿಗೆ ತಿಳಿಯುತ್ತದೆ? ಸರಿ, ಎರಡು ಕ್ವಾರ್ಟರ್ ತರಲು ಹೊರಟೆ. ಮಂಕಿ ಕ್ಯಾಪನ್ನು ಕಂಡುಹಿಡಿದ ಮಹಾನುಭಾವ ಚಳಿಗಾಗಿ ಅದನ್ನು ಹೆಣೆದಿರಲಿಕ್ಕಿಲ್ಲ ಎಂದು ವೈನ್ ಶಾಪಿನ ಮುಂದೆ ನಿಂತಾಗ ಅನ್ನಿಸಿತು. ಎರಡು ಕಣ್ಣು ಬಿಟ್ಟು ಮಿಕ್ಕಿದ್ದೆಲ್ಲ ಮರೆ. ಆದರೂ ಅಂಗಡಿಯ ಹುಡುಗ "ಏನ್ ಮೇಷ್ಟ್ರೇ, ಆರಾಮಾ?" ಅಂದುಬಿಟ್ಟ.

ನಮ್ಮ ದೇಶದ ಎಷ್ಟೋ ಸಾದಾ ವಿಸ್ಕಿಗಳಲ್ಲಿರುವುದು ಕಾಕಂಬಿಯಿಂದ ಬಟ್ಟಿ ಇಳಿಸಿದ ಸ್ಪಿರಿಟ್ಟು. ಕಬ್ಬಿನ ಹಾಲಿನಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ ಅದು. ವಿಸ್ಕಿ ಎಂದರೆ ಧಾನ್ಯದ್ದೇ ಆಗಬೇಕೆಂಬುದು ಯುರೋಪಿನವರ ಕಾನೂನು. ಇದನ್ನು ಆ ಹೆಸರಿನಲ್ಲಿ ಅಲ್ಲಿ ಮಾರುವ ಹಾಗಿಲ್ಲ. ನನಗೆ ಮಾತ್ರ ಇದರಲ್ಲಿ ಒಂದು ಸಮಾಧಾನ ಕಂಡಿತು. ವಿಸ್ಕಿಯೂ ಕಬ್ಬಿನದು, ಪಾನಕದ ಬೆಲ್ಲವೂ ಕಬ್ಬಿನದು. ಕಬ್ಬಿನ ಗದ್ದೆಯಲ್ಲೇ ಪಾಲಾಗಿ ಹೋದ ದಾಯಾದಿಗಳು ನಮ್ಮ ಅಡುಗೆಮನೆಯಲ್ಲಿ ಒಂದಾಗುವುದಾದರೆ ಬೇಡ ಅನ್ನಲು ನಾನು ಯಾರು?

ಮೊದಲ ಕ್ವಾರ್ಟರ್ ಅಳಿಯನ ವಿದ್ಯೆಗೆ ಬಲಿಯಾಯಿತು. ವಿಸ್ಕಿಯಲ್ಲೇ ಮಸಾಲೆ ನೆನೆಹಾಕಬೇಕು ಎಂದು ಅವನು ಬಾಟ್ಲಿಯ ಬಾಯಿಗೆ ಒಂದು ಹಿಡಿ ಲವಂಗ ತುರುಕಿ ರಾತ್ರಿಯಿಡೀ ಬಿಟ್ಟ. ಬೆಳಿಗ್ಗೆ ಮುಚ್ಚಳ ತೆಗೆದರೆ ಹಲ್ಲಿನ ಡಾಕ್ಟರ ಕೋಣೆಯ ವಾಸನೆ. ಒಂದು ಹನಿ ನಾಲಿಗೆಗೆ ಹಚ್ಚಿಕೊಂಡೆ. ಅರ್ಧ ಗಂಟೆ ನನ್ನ ನಾಲಿಗೆ ನನ್ನದಾಗಿರಲಿಲ್ಲ. ಲವಂಗದ ಎಣ್ಣೆಯಲ್ಲಿ ಹೆಚ್ಚಿನ ಪಾಲು ಯೂಜೆನಾಲ್ ಎಂಬ ವಸ್ತು. ಹಲ್ಲುನೋವನ್ನು ಮರಗಟ್ಟಿಸುವುದು ಅದೇ. ನೀರಿನಲ್ಲಿ ಅದು ಅಷ್ಟಾಗಿ ಕರಗದು, ಮದ್ಯ ಸಿಕ್ಕರೆ ಮಾತ್ರ ಮೈಮರೆತು ಬಿಟ್ಟುಕೊಡುತ್ತದೆ. ಚಕ್ಕೆಯನ್ನು ಎರಡು ಮೂರು ದಿನ ವಿಸ್ಕಿಯಲ್ಲಿ ಬಿಟ್ಟರೂ ಬಾಧಕವಿಲ್ಲ. ಲವಂಗಕ್ಕೆ ಒಂದೆರಡು ಕಾಳು, ಒಂದೆರಡು ಗಂಟೆ ಸಾಕು. ನನ್ನ ಹೆಂಡತಿ ಏನೂ ಅನ್ನಲಿಲ್ಲ. ಆ ಬಾಟ್ಲಿಯ ಮೇಲೆ ಚೀಟಿ ಅಂಟಿಸಿ 'ಹಲ್ಲುನೋವಿಗೆ' ಎಂದು ಬರೆದು ಕಪಾಟಿನಲ್ಲಿಟ್ಟಳು. ವಿಸ್ಕಿಗೂ ಕೊನೆಗೆ ಸರ್ಟಿಫಿಕೇಟ್ ಸಿಕ್ಕಿತು.

ಅದಾದ ಮೇಲೆ ಅಡುಗೆಮನೆಯ ಆಡಳಿತ ಅವಳ ಕೈಗೆ ಹೋಯಿತು. ಒಂದು ಲೋಟ ನೀರಿಗೆ ಅರ್ಧ ಲೋಟ ಪುಡಿಬೆಲ್ಲ, ಎರಡಂಗುಲ ಚಕ್ಕೆ, ಮೂರೇ ಮೂರು ಲವಂಗ, ನಾಲ್ಕು ಏಲಕ್ಕಿ, ಹತ್ತು ಕಾಳುಮೆಣಸು, ಹೆಬ್ಬೆರಳಿನ ತುದಿಯಷ್ಟು ಹಸಿಶುಂಠಿ. ಎಲ್ಲವನ್ನೂ ಜಜ್ಜಿ ಹಾಕಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿ, ತಟ್ಟೆ ಮುಚ್ಚಿ ಬಿಟ್ಟಳು. ಬೆಲ್ಲದಲ್ಲಿ ಮರಳು, ಕಡ್ಡಿ ಇದ್ದೇ ಇರುತ್ತದೆ, ಬಟ್ಟೆಯಲ್ಲೇ ಸೋಸಬೇಕು. ಮೆಣಸು ಕುಟ್ಟುವಾಗ ಘಾಟಿಗೆ ಸೀನುತ್ತ ನನಗೆ ಗೇರುಸೊಪ್ಪೆಯ ಚೆನ್ನಭೈರಾದೇವಿ ನೆನಪಾದಳು. ಹದಿನಾರನೆಯ ಶತಮಾನದಲ್ಲಿ ಶರಾವತಿಯ ದಂಡೆಯಲ್ಲಿ ಕೂತು ಆಳಿದ ಆಕೆಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು. ಅವರ ಹಡಗುಗಳು ಅಷ್ಟು ದೂರ ಬಂದು, ಜಗಳವಾಡಿ, ಮೂಟೆ ಹೊತ್ತು ಹೋದದ್ದು ಇದೇ ಕಾಳಿಗಾಗಿ. ನಾವು ಅದನ್ನು ಅರ್ಧ ಚಮಚ ಜಾಸ್ತಿಯಾಯಿತೆಂದು ಸಿಂಕಿಗೆ ಚೆಲ್ಲುತ್ತೇವೆ.

ವಿಸ್ಕಿ ಸೇರುವುದು ಕೊನೆಗೆ, ಒಲೆ ಆರಿಸಿದ ಮೇಲೆ. ಇದನ್ನು ನಾನು ಭೌತಶಾಸ್ತ್ರದ ಆಧಾರದಿಂದ ಹೇಳುತ್ತೇನೆ, ನನ್ನ ಹೆಂಡತಿ ಗದರಿ ಹೇಳುತ್ತಾಳೆ. ಮದ್ಯಸಾರ 78 ಡಿಗ್ರಿಗೆಲ್ಲ ಕುದಿಯುತ್ತದೆ. ನಮ್ಮ ಊರು ಸಮುದ್ರಮಟ್ಟದಿಂದ ಒಂಬೈನೂರು ಮೀಟರಿಗೂ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97ರ ಆಸುಪಾಸಿನಲ್ಲಿ ಕುದಿಯುತ್ತದೆ. ಅಂಥ ನೀರಿಗೆ ವಿಸ್ಕಿ ಸುರಿದರೆ ಆವಿ ನೇರ ಮೂಗಿಗೆ ಏರಿ, ಕುಡಿಯುವ ಮೊದಲೇ ಕೆಮ್ಮು. ಉರಿಯುವ ಒಲೆಯ ಮೇಲಂತೂ ಬಾಟ್ಲಿ ಬಗ್ಗಿಸಲೇಬಾರದು. ಅಳಿಯ ಆ ಮಾತಿಗೆ ಹುರುಪುಗೊಂಡು ಅಮೆರಿಕದ ಜೆರ್ರಿ ಥಾಮಸ್ ಎಂಬವನ ಕಥೆ ತೆಗೆದ. 1862ರಲ್ಲಿ ಮದ್ಯ ಬೆರೆಸುವ ವಿದ್ಯೆಯ ಮೇಲೆ ಪುಸ್ತಕ ಬರೆದಾತ. ಅವನ ಹೆಸರುವಾಸಿ ಬ್ಲೂ ಬ್ಲೇಜರ್ ಎಂದರೆ ವಿಸ್ಕಿಗೂ ಕುದಿನೀರಿಗೂ ಬೆಂಕಿ ಹಚ್ಚಿ, ನೀಲಿ ಜ್ವಾಲೆ ಹರಿಯುವಂತೆ ಒಂದು ಮಗ್ಗಿನಿಂದ ಇನ್ನೊಂದಕ್ಕೆ ಎತ್ತಿ ಹುಯ್ಯುವುದು. ಹೊಸಬರು ಮೊದಲು ತಣ್ಣೀರಿನಲ್ಲಿ ಕೈ ಪಳಗಿಸಿಕೊಳ್ಳಿ ಎಂದು ಪುಸ್ತಕದಲ್ಲೇ ಎಚ್ಚರಿಸಿದ್ದಾನೆ. ನಮ್ಮ ಹೋಟೆಲಿನ ಕಾಫಿ ಭಟ್ಟರು ಇದನ್ನು ಓದಿದರೆ ನಕ್ಕಾರು. ಥರ್ಮಾಮೀಟರು ಸೊನ್ನೆಗಿಂತ ಹನ್ನೆರಡು ಡಿಗ್ರಿ ಕೆಳಗಿಳಿಯದೆ ಆತ ಅದನ್ನು ಮಾಡಿಕೊಡುತ್ತಲೇ ಇರಲಿಲ್ಲ ಎಂಬ ಕಥೆಯೂ ಇದೆ. ಪಾಪ, ಬೆಂಗಳೂರಿನಲ್ಲಿ ಅಂಗಡಿ ಇಟ್ಟಿದ್ದರೆ ಉಪವಾಸ ಬೀಳುತ್ತಿದ್ದ. ಅಳಿಯ ಎರಡು ಸ್ಟೀಲ್ ಲೋಟ ಎತ್ತಿಕೊಂಡಿದ್ದನ್ನು ಕಂಡು ನನ್ನ ಹೆಂಡತಿ ಬೆಂಕಿಪೊಟ್ಟಣವನ್ನು ಸೆರಗಿಗೆ ಸಿಕ್ಕಿಸಿಕೊಂಡಳು.

ಅಷ್ಟರಲ್ಲಿ ಕರೆಗಂಟೆ. ಎದುರು ಮನೆಯ ರಾಯರು. ಕೈಯಲ್ಲಿ ಜ್ವರದ ಮಾತ್ರೆಯ ಒಂದು ಪಟ್ಟಿ. ಅಪಾರ್ಟ್‌ಮೆಂಟಿನಲ್ಲಿ ಚಕ್ಕೆ ಲವಂಗದ ಪರಿಮಳ ಎದ್ದರೆ ಅದಕ್ಕೆ ಎರಡೇ ಕಾರಣ, ಪಲಾವು ಇಲ್ಲವೇ ಕಾಯಿಲೆ. ಈರುಳ್ಳಿ ಬಾಡಿಸಿದ ವಾಸನೆ ಬರಲಿಲ್ಲವಾದ್ದರಿಂದ ಅವರು ಕಾಯಿಲೆಯೆಂದು ತೀರ್ಮಾನಿಸಿ ಬಂದಿದ್ದರು. "ಯಾರಿಗೆ ಹುಷಾರಿಲ್ಲ ಸಾರ್?" ಎಂದು ಕೇಳುತ್ತಲೇ ಅವರ ಕಣ್ಣು ಮೇಜಿನ ಮೇಲಿದ್ದ ಎರಡನೆಯ ಕ್ವಾರ್ಟರ್ ಮೇಲೆ ಬಿತ್ತು. ಮಾತ್ರೆಯನ್ನು ಮೆಲ್ಲಗೆ ಜೇಬಿಗೆ ಸೇರಿಸಿದರು.

ನಾಲ್ಕು ಚಮಚ ಪಾನಕ, ಒಂದು ಸಣ್ಣ ಪೆಗ್ಗು, ಅರ್ಧ ನಿಂಬೆಹಣ್ಣಿನ ರಸ, ಮೇಲೆ ಮುಕ್ಕಾಲು ಲೋಟ ಬಿಸಿನೀರು. ಗಾಜಿನ ಲೋಟವಾದರೆ ಮೊದಲು ಬೆಚ್ಚಗಿನ ನೀರಿನಲ್ಲಿ ತೊಳೆದುಕೊಳ್ಳಿ, ಇಲ್ಲದಿದ್ದರೆ ಟಪ್ ಎನ್ನುತ್ತದೆ. ರಾಯರು ತಡೆದರು. "ನನಗೆ ಶುಗರ್ ಇದೆ ಸಾರ್. ಬೆಲ್ಲದ್ದು ಬೇಡ. ಅದರ ಬದಲು ಆ ಬಾಟ್ಲಿಯದೇ ಇನ್ನೊಂದು ಚೂರು ಹಾಕಿ." ಆರೋಗ್ಯದ ಬಗ್ಗೆ ಇಷ್ಟು ನಿಷ್ಠೆ ಇರುವವರನ್ನು ನಾನು ಕಂಡಿಲ್ಲ. ಅಳಿಯ ಬೆಲ್ಲ ಅರ್ಧ ಮಾಡಿದ, ಬಾಟ್ಲಿಯನ್ನು ಮುಟ್ಟಲಿಲ್ಲ.

ರುಚಿ ಹೇಗಿತ್ತೆಂದರೆ, ಮೊದಲು ನಿಂಬೆ, ಆಮೇಲೆ ಬೆಲ್ಲ, ಗಂಟಲಲ್ಲಿ ಮೆಣಸು, ಅದರ ಹಿಂದೆಯೇ ವಿಸ್ಕಿ ನೆಂಟರ ಮನೆಗೆ ತಡವಾಗಿ ಬಂದವರ ಹಾಗೆ ಸದ್ದಿಲ್ಲದೆ ಒಳಗೆ. ಹಿದಕಿದ ಅವರೆಬೇಳೆ ಹುರಿದು, ಕರಿಬೇವು ಖಾರದಪುಡಿ ಉದುರಿಸಿ ಪಕ್ಕಕ್ಕಿಟ್ಟುಕೊಂಡರೆ ಸ್ಕಾಟ್‌ಲೆಂಡಿನವರು ಇಷ್ಟು ಶತಮಾನ ಏನನ್ನು ಕಳೆದುಕೊಂಡರೆಂದು ತಿಳಿಯುತ್ತದೆ. ನನ್ನ ಮೈ ಬೆಚ್ಚಗಾಗಿ ಶಾಲು ತೆಗೆದೆ. ಇದು ಬರೀ ಭ್ರಮೆ ಎಂದು ವೈದ್ಯಶಾಸ್ತ್ರ ಹೇಳುತ್ತದೆ. ಮದ್ಯ ಚರ್ಮದ ರಕ್ತನಾಳಗಳನ್ನು ಅಗಲಿಸುತ್ತದೆ, ಒಳಗಿನ ಬಿಸಿಯೆಲ್ಲ ಹೊರಗೆ ಬಂದು ಹಾರಿಹೋಗುತ್ತದೆ, ನಿಜವಾಗಿ ದೇಹ ತಣ್ಣಗಾಗುತ್ತದೆ. ಗ್ಲಾಸ್ಗೋದ ಹಿಮದಲ್ಲಿ ಇದು ಅಪಾಯ. ಬೆಂಗಳೂರಿನಲ್ಲಿ ಚಳಿಯೂ ಅರ್ಧ ಭ್ರಮೆಯೇ ಆದ್ದರಿಂದ ಲೆಕ್ಕ ಸರಿಹೋಗುತ್ತದೆ.

ಲೋಟ ಬರಿದಾದ ಮೇಲೆ ರಾಯರ ಮುಖದಲ್ಲಿ ಚಿಂತೆ. "ಮನೆಯಲ್ಲಿ ವಾಸನೆ ಬಂದರೆ?" ಅಂದರು. ಆಗಲೇ ನನಗೆ ಈ ಪಾನೀಯದ ಹೆಚ್ಚುಗಾರಿಕೆ ಹೊಳೆದದ್ದು. ತಲೆಮಾರುಗಳಿಂದ ನಮ್ಮ ಗಂಡಸರು ಬೀದಿ ಕೊನೆಯ ಅಂಗಡಿಯಲ್ಲಿ ಏಲಕ್ಕಿ, ಲವಂಗ ಕೊಂಡು ಜಗಿದು, ಅಂಗೈಗೆ ಉಸಿರು ಬಿಟ್ಟು ಪರೀಕ್ಷಿಸಿ, ಆಮೇಲೆ ಮನೆಯ ಬಾಗಿಲು ಬಡಿದಿದ್ದಾರೆ. ಇಲ್ಲಿ ಅದೆಲ್ಲ ಒಳಗೇ ಕುದಿದಿದೆ! ರಾಯರಿಗೆ ವಿವರಿಸಿದೆ. ಅವರು ನಿಶ್ಚಿಂತೆಯಿಂದ ಎದುರು ಮನೆಗೆ ದಾಟಿದರು. ಕಷಾಯ ಕುಡಿದು ಬಂದೆ ಅಂತ ಹೇಳುವ ದನಿ ನಮಗೂ ಕೇಳಿಸಿತು.

ಮರುದಿನ ಸಂಜೆ ಮತ್ತೆ ಕರೆಗಂಟೆ. ಈ ಸಲ ರಾಯರ ಹೆಂಡತಿ, ಕೈಯಲ್ಲಿ ಲೋಟ. "ನನಗೂ ಎರಡು ದಿನದಿಂದ ಗಂಟಲು ಕೆರೆತ. ನಮ್ಮವರು ನಿಮ್ಮ ಕಷಾಯ ಕುಡಿದು ರಾತ್ರಿ ಎಷ್ಟು ಚೆನ್ನಾಗಿ ನಿದ್ದೆ ಮಾಡಿದ್ರು ಗೊತ್ತಾ! ನಿದ್ದೆಯಲ್ಲಿ ಹಾಡಿದ್ರು ಕೂಡ." ನನ್ನ ಹೆಂಡತಿ ನನ್ನ ಕಡೆ ನೋಡದೆ ಒಳಗೆ ಹೋದಳು. ಫ್ರಿಜ್ಜಿನಲ್ಲಿದ್ದ ಪಾನಕ ಬಿಸಿಮಾಡಿ, ನಿಂಬೆ ಹಿಂಡಿ, ಲೋಟದ ತುಂಬ ತಂದುಕೊಟ್ಟಳು. ಆಕೆ ಊದಿ ಊದಿ ಎರಡು ಗುಟುಕು ಕುಡಿದರು. ಕಣ್ಣು ಮುಚ್ಚಿ ಇನ್ನೊಂದು ಗುಟುಕು. ಆಮೇಲೆ ಮೆಣಸಿನ ಸಾರಿಗೆ ಉಪ್ಪು ನೋಡುವವರ ಹಾಗೆ ತಲೆಯೋರೆ ಮಾಡಿದರು.

"ಚೆನ್ನಾಗಿದೆ ಕಣ್ರೀ. ಆದರೆ ಇವರು ಹೇಳಿದ ಹಾಗಿಲ್ಲವಲ್ಲ, ಏನೋ ಒಂದು ಹಾಕೋದು ಮರೆತಿದ್ದೀರ."